ಮುಂದಿನ ವರ್ಷಕ್ಕೂ ಬರುವ ಓಟ

2020ರ ಮಾರ್ಚ್ ತಿಂಗಳ ಆರಂಭದಲ್ಲಿ ನನ್ನ ಮುಂದಿದ್ದ ಪ್ರಶ್ನೆ ತೀರ ಸಣ್ಣದು. ಮೇ 17ಕ್ಕೆ ಬೆಂಗಳೂರಿನಲ್ಲಿ ಟಿಸಿಎಸ್ ವರ್ಲ್ಡ್ 10ಕೆ ಓಟ, ಹೋಗುವುದೋ ಬಿಡುವುದೋ. ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನ ಟಿಕೆಟ್ ತೆಗೆಸಿಟ್ಟಿದ್ದೆ, ಹೊಸ ಬೂಟು ಕಾಲಿಗೆ ಒಗ್ಗಿದ್ದವು. ಬೆಳಗಿನ ಐದೂವರೆಗೆ ಕೋಟೆಯ ಕಂದಕದ ಗುಂಟ ಓಡುವ ನಮ್ಮ ಏಳೆಂಟು ಜನರ ಗುಂಪಿನಲ್ಲಿ ಮಾತೆಲ್ಲ ಅದೇ. ಒಬ್ಬರು ‘ಬಿಸಿಲಿಗೆ ಕೊರೋನಾ ಸಾಯ್ತದ, ನಮ್ಮ ವಿಜಯಪುರದ ಬಿಸಿಲು ಅಂದ್ರ ಏನ್ ತಿಳಿದೀರಿ’ ಎಂದರು. ಇನ್ನೊಬ್ಬರು ‘ಓಡೋರಿಗೆ ಫುಪ್ಪುಸ ಗಟ್ಟಿ, ಬಂದ್ರೂ ಏನಾಗೂದಿಲ್ಲ’ ಎಂದರು. ನಾನು ಇಬ್ಬರಿಗೂ ತಲೆಯಾಡಿಸಿದೆ. ಓಡಬೇಕೆಂದು ಮನಸ್ಸು ಮಾಡಿದವನಿಗೆ ಎಂಥ ವಾದವೂ ಹಿಡಿಸುತ್ತದೆ.

ಮಾರ್ಚ್ 10ರಂದು ಕಲಬುರಗಿಯ 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. 12ರಂದು ಪರೀಕ್ಷೆಯ ಫಲ ಬಂತು: ದೇಶದ ಮೊದಲ ಕೊರೋನಾ ಸಾವು. ನಮಗದು ಚೀನಾದ ಸುದ್ದಿಯಲ್ಲ, ಪಕ್ಕದ ಜಿಲ್ಲೆಯ ಸುದ್ದಿ. ಮರುದಿನವೇ ಸರ್ಕಾರ ಸಿನಿಮಾ ಮಂದಿರ, ಮಾಲ್, ಜಾತ್ರೆ, ಕ್ರೀಡಾಕೂಟಗಳಿಗೆ ಬಾಗಿಲು ಹಾಕಿತು. ಅಲ್ಲಿಗೆ ನನ್ನ ಪ್ರಶ್ನೆ ಮುಗಿಯಿತು ಎಂದುಕೊಂಡೆ. ನಿಜವಾಗಿ ಅದು ಆಗ ಮುಂದಕ್ಕೆ ಹೋಯಿತು, ಅಷ್ಟೇ. ‘ಕೂಡದು’ ಎಂದು ಸರ್ಕಾರ ಹೇಳಿದಾಗ ನಾವು ನಿರ್ಧರಿಸುವುದು ಏನೂ ಇರುವುದಿಲ್ಲ. ‘ಷರತ್ತಿನೊಂದಿಗೆ ಮಾಡಬಹುದು’ ಎಂದಾಗ ಕಷ್ಟ ಶುರುವಾಗುತ್ತದೆ. 2020ರ ಕೊನೆಯಲ್ಲಿ, 2021ರ ಆರಂಭದಲ್ಲಿ, ಮತ್ತೆ ಆ ವರ್ಷದ ಕೊನೆಯಲ್ಲಿ, ಅಂದರೆ ಎರಡು ಅಲೆಗಳ ನಡುವಿನ ತಿಂಗಳುಗಳಲ್ಲಿ, ಓಡುವವರೆಲ್ಲ ನಿಂತದ್ದು ಆ ‘ಮಾಡಬಹುದು’ ಎಂಬ ಹೊಸ್ತಿಲ ಮೇಲೆ.

ಫುಪ್ಪುಸ ಗಟ್ಟಿ ಎಂಬ ವಾದವನ್ನು ಮೊದಲು ನೋಡೋಣ. ಇಟಲಿಯಲ್ಲಿ ‘ಒಂದನೇ ರೋಗಿ’ ಎಂದು ಗುರುತಾದವನು ಕೊಡೋನ್ಯೊ ಎಂಬ ಸಣ್ಣ ಊರಿನ 38 ವರ್ಷದ ಮನುಷ್ಯ. ಅವನು ದೂರದ ಓಟಗಾರ; ಆಸ್ಪತ್ರೆ ಸೇರುವ ಕೆಲವೇ ದಿನಗಳ ಹಿಂದೆ ಹಾಫ್ ಮ್ಯಾರಥಾನ್ ಓಡಿದ್ದ. 2020ರ ಫೆಬ್ರವರಿಯಲ್ಲಿ ಅವನನ್ನು ತೀವ್ರ ನಿಗಾ ಘಟಕಕ್ಕೆ ಹಾಕಿದರು, ವಾರಗಟ್ಟಲೆ ಯಂತ್ರದ ಮೇಲೆ ಉಸಿರಾಡಿದ. ಉಳಿದುಕೊಂಡ, ಸೆಪ್ಟೆಂಬರಿನಲ್ಲಿ ರಿಲೇ ಓಟದಲ್ಲಿ ಮತ್ತೆ ಕಾಲು ಹಾಕಿದ. ಆದರೆ ಅವನ ತಂದೆ ಅದೇ ರೋಗದಿಂದ ತೀರಿಕೊಂಡರು. ರೋಗ ಯಾರಿಂದ ಯಾರಿಗೆ ಹೋಯಿತೆಂಬುದರ ಲೆಕ್ಕ ನನಗೆ ಬೇಡ. ಗಟ್ಟಿಮುಟ್ಟಾದ ಓಟಗಾರನ ದೇಹ ರೋಗವನ್ನು ತಾಳಿಕೊಳ್ಳಬಹುದು. ಆ ತಾಳಿಕೆ ಅವನ ಮನೆಯ ಪಡಸಾಲೆಯಲ್ಲಿ ಕೂತ ಮುದುಕರಿಗೆ ದಾಟುವುದಿಲ್ಲ. ದಾಟುವುದು ರೋಗ ಮಾತ್ರ. ‘ನನಗೇನಾಗುತ್ತದೆ’ ಎಂದು ನಮ್ಮ ಗುಂಪಿನಲ್ಲಿ ಎದೆ ತಟ್ಟಿಕೊಂಡವರೆಲ್ಲ, ನಾನೂ ಸೇರಿದಂತೆ, ತಪ್ಪು ಪ್ರಶ್ನೆಯನ್ನು ಕೇಳುತ್ತಿದ್ದೆವು.

ಹಾಗೆಂದು ಎದುರು ಪಕ್ಷದ ಹೆದರಿಕೆಯನ್ನೂ ನಾನು ಪೂರ್ತಿ ಒಪ್ಪುವುದಿಲ್ಲ. ಬಯಲಿನಲ್ಲಿ ಒಬ್ಬ ಮನುಷ್ಯ ಓಡುವುದರಿಂದ ಊರಿಗೆ ರೋಗ ಬರುವುದಿಲ್ಲ. ತೆರೆದ ಗಾಳಿಯಲ್ಲಿ ಈ ಸೋಂಕು ಹರಡುವುದು ಮುಚ್ಚಿದ ಕೋಣೆಗಿಂತ ಬಹಳ ಕಡಿಮೆ ಎಂದು 2020ರ ಕೊನೆಯ ಹೊತ್ತಿಗೆ ಸ್ಪಷ್ಟವಾಗಿತ್ತು. ಓಡುವಾಗ ಮಾಸ್ಕ್ ಬೇಡ, ಅಂತರ ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಜೂನ್ ತಿಂಗಳಲ್ಲೇ ಹೇಳಿತ್ತು. ಆದರೆ ಅದಕ್ಕೂ ಮೊದಲು, ಆ ಬೇಸಿಗೆಯಲ್ಲಿ, ಹೊಲದ ದಾರಿಯಲ್ಲಿ ಒಬ್ಬರೇ ಓಡುತ್ತಿದ್ದವರಿಗೆ ಬೆತ್ತದ ಏಟು ಬಿದ್ದವು. ಮೇ 4ರಂದು ಮದ್ಯದ ಅಂಗಡಿ ತೆರೆದಾಗ ಮೈಗೆ ಮೈ ಹಚ್ಚಿ ನಿಂತ ಸಾಲುಗಳಿಗೆ ಬಂದೋಬಸ್ತು ಸಿಕ್ಕಿತು. ಈ ತಲೆಕೆಳಗಾದ ನ್ಯಾಯವನ್ನು ಕಂಡವರು ಆಮೇಲೆ ಸರಿಯಾದ ನಿಯಮವನ್ನೂ ನಂಬಲಿಲ್ಲ. ಅದರ ಬೆಲೆ ಎರಡನೆಯ ಅಲೆಯಲ್ಲಿ ತೆತ್ತೆವು.

ಆದರೆ ಓಡುವುದು ಬೇರೆ, ಓಟದ ಸ್ಪರ್ಧೆ ಬೇರೆ. ಸ್ಪರ್ಧೆ ಎಂದರೆ ಜಾತ್ರೆ. ರಸ್ತೆಯ ಮೇಲಿನ ಒಂದು ತಾಸು ಅದರ ಸಣ್ಣ ಭಾಗ. ಹಿಂದಿನ ದಿನ ಎದೆಗೆ ಹಚ್ಚುವ ನಂಬರ್ ಚೀಟಿ ಇಸಿದುಕೊಳ್ಳಲು ಸಭಾಂಗಣದಲ್ಲಿ ನೂಕುನುಗ್ಗಲು, ಊರಿಂದ ಊರಿಗೆ ಬಸ್ಸು, ರೈಲು, ಒಂದು ಲಾಡ್ಜ್ ಕೋಣೆಯಲ್ಲಿ ನಾಲ್ವರು, ಆರಂಭದ ಗೆರೆಯ ಹಿಂದೆ ಅರ್ಧ ತಾಸು ಒಬ್ಬರ ಉಸಿರು ಒಬ್ಬರ ಕುತ್ತಿಗೆಗೆ ತಾಗುವಂತೆ ನಿಲ್ಲುವುದು, ಮುಗಿದ ಮೇಲೆ ಉಪ್ಪಿಟ್ಟಿನ ಸಾಲು. ಅಪಾಯ ಇರುವುದು ಇಲ್ಲೆಲ್ಲ. ಇದರ ಜೊತೆಗೆ ಒಂದು ಆಂಬುಲೆನ್ಸ್, ಇಬ್ಬರು ವೈದ್ಯರು, ದಾರಿಯುದ್ದಕ್ಕೂ ಪೊಲೀಸರು. ಮಾಮೂಲಿ ವರ್ಷದಲ್ಲಿ ಇವೆಲ್ಲ ನಮ್ಮ ಕಣ್ಣಿಗೇ ಬೀಳುವುದಿಲ್ಲ, ಇರಬೇಕಾದವು ಇರುತ್ತವೆ ಎಂಬಂತೆ ಇರುತ್ತವೆ. 2021ರ ಮೇ 5ರಂದು ರಾಜ್ಯದಲ್ಲಿ ಒಂದೇ ದಿನ ಐವತ್ತು ಸಾವಿರಕ್ಕೂ ಹೆಚ್ಚು ಜನರಿಗೆ ಸೋಂಕು ಪತ್ತೆಯಾದಾಗ, ಒಂದು ಆಮ್ಲಜನಕದ ಸಿಲಿಂಡರಿಗೆ ವಿಜಯಪುರದ ಜನ ಯಾರ ಯಾರ ಕಾಲು ಹಿಡಿದರೆಂದು ನೋಡಿದವರಿಗೆ, ಓಟದ ದಾರಿಯಲ್ಲಿ ಖಾಲಿ ನಿಂತ ಆಂಬುಲೆನ್ಸ್ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ.

ಗುಂಪು ಸೇರಿದಲ್ಲಿ ರೋಗಕ್ಕೆ ಬಡವ ಬಲ್ಲಿದ ಎಂಬ ಭೇದ ಇಲ್ಲವೆಂಬುದು ಈ ಊರಿಗೆ ಹೊಸ ಪಾಠವೇನಲ್ಲ. 1686ರಲ್ಲಿ ಔರಂಗಜೇಬ ಬಿಜಾಪುರವನ್ನು ಗೆದ್ದ. ಎರಡು ವರ್ಷದಲ್ಲಿ ಪ್ಲೇಗು ಅವನ ದಂಡಿನೊಳಗೇ ನುಗ್ಗಿತು. ಕೋಟೆಯ ತೋಪುಗಳಿಂದ ತಪ್ಪಿಸಿಕೊಂಡ ಬಿಡಾರದಲ್ಲಿ 1688ರಲ್ಲಿ ಅವನ ಬೇಗಂ ಔರಂಗಾಬಾದಿ ಮಹಲ್ ಆ ರೋಗದಿಂದಲೇ ಇಲ್ಲಿ ಸತ್ತಳು. 1896ರಲ್ಲಿ ಮುಂಬೈಗೆ ಮತ್ತೆ ಪ್ಲೇಗು ಬಂದಾಗ ಬ್ರಿಟಿಷರು ಮಾಡಿದ 1897ರ ಕಾಯಿದೆ, ಆಗ ಮುಂಬೈ ಪ್ರಾಂತದಲ್ಲಿದ್ದ ನಮ್ಮ ಜಿಲ್ಲೆಗೂ ತಾಗಿತು. 2020ರ ಮಾರ್ಚಿನಲ್ಲಿ ಸರ್ಕಾರಗಳು ಧೂಳು ಕೊಡವಿ ಹೊರತೆಗೆದದ್ದೂ ಅದನ್ನೇ. ಪ್ಲೇಗಿನ ಕಾಲಕ್ಕೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡ ಕತೆ ನಮ್ಮ ಅಜ್ಜಿಯ ಬಾಯಲ್ಲಿತ್ತು. ಅವರಿಗೆ ರೋಗಾಣು ಗೊತ್ತಿರಲಿಲ್ಲ, ಗುಂಪು ಒಡೆಯಬೇಕೆಂಬುದು ಗೊತ್ತಿತ್ತು.

ಇಷ್ಟಾದ ಮೇಲೆ ನನ್ನ ತೀರ್ಮಾನ ಸುಲಭವಾಗಬೇಕಿತ್ತು: ಮಹಾಮಾರಿಯ ಕಾಲದಲ್ಲಿ ಸ್ಪರ್ಧೆ ಬೇಡ. ಅಷ್ಟು ಬರೆದು ಕೈತೊಳೆದುಕೊಳ್ಳಬಹುದಿತ್ತು. ಅದನ್ನು ಕೆಡಿಸಿದವನು ನನ್ನ ಅಳಿಯ, ಅಕ್ಕನ ಮಗ.

ಅವನ ಊರು ಟಿಕೋಟಾ ತಾಲೂಕಿನ ಒಂದು ಹಳ್ಳಿ. ಐದು ಎಕರೆಯಲ್ಲಿ ಎರಡು ಎಕರೆ ದ್ರಾಕ್ಷಿ. ಆ ವರ್ಷ ಕಟಾವಿನ ಹೊತ್ತಿಗೇ ಲಾಕ್‌ಡೌನ್ ಬಂದು ವ್ಯಾಪಾರಿಗಳು ಬರಲಿಲ್ಲ. ಹಣ್ಣನ್ನೆಲ್ಲ ಶೆಡ್ಡಿನ ಜಾಳಿಗೆಯ ಮೇಲೆ ಹರವಿ ಒಣದ್ರಾಕ್ಷಿ ಮಾಡಿದರು. ಜೂನ್ ತಿಂಗಳಲ್ಲಿ ನೋಡಿ ಬರೋಣವೆಂದು ಹೋಗಿದ್ದೆ. ಮಾತಿಗೆ ಮಾತು ಬಂದು, ಬೆಂಗಳೂರಿನ ಓಟ ನವೆಂಬರಿಗೆ ಹೋಯಿತು, ನಾಲ್ಕು ತಿಂಗಳ ತಾಲೀಮು ಹಾಳಾಯಿತು ಎಂದು ನಾನು ಪೇಚಾಡಿಕೊಂಡೆ. ಅವನು ಶೆಡ್ಡಿನ ಕಂಬಕ್ಕೆ ಒರಗಿ ನಿಂತವನು ಹೇಳಿದ:

‘ಮಾಮಾ, ನಿಮ್ಮ ಓಟ ಮುಂದಿನ ವರ್ಷಾನೂ ಬರ್ತೈತಿ. ನನ್ನ ವಯಸ್ಸು ಬರೂದಿಲ್ಲ.’

ಅವನು ಮಿಲಿಟರಿ ಭರ್ತಿಗೆ ಓಡುತ್ತಿದ್ದ. ಟಿಕೋಟಾ, ಬಬಲೇಶ್ವರದ ಕಡೆ ನಸುಕಿನಲ್ಲಿ ಬೈಕ್ ಮೇಲೆ ಹೋದವರಿಗೆ ಈ ಹುಡುಗರು ಗೊತ್ತು. ಏತ ನೀರಾವರಿ ಕಾಲುವೆಯ ದಂಡೆಯ ಮೇಲೆ, ಸಾಲಿ ಮೈದಾನದಲ್ಲಿ, ಡಾಂಬರು ರಸ್ತೆಯ ಅಂಚಿಗೆ, ಕೆಲವರು ಬರಿಗಾಲಲ್ಲಿ, ಒಬ್ಬನ ಕೈಯಲ್ಲಿ ಮೊಬೈಲಿನ ಗಡಿಯಾರ. ಅವರ ಓಟಕ್ಕೆ ಪದಕವಿಲ್ಲ, ಟೀ ಶರ್ಟಿಲ್ಲ. ಅವರ ಭಾಷೆಯಲ್ಲಿ ಅದು ‘ಹದಿನಾರುನೂರು’. 1,600 ಮೀಟರ್, ಆಗ ಐದು ನಿಮಿಷ ಮೂವತ್ತು ಸೆಕೆಂಡಿನೊಳಗೆ ಮುಗಿಸಿದರೆ ಅರವತ್ತು ಅಂಕ, ಐದು ನಲವತ್ತೈದರೊಳಗೆ ಬಂದರೆ ನಲವತ್ತೆಂಟು, ಒಂದು ಸೆಕೆಂಡು ದಾಟಿದರೆ ಮನೆಗೆ. ಪೊಲೀಸ್ ಪೇದೆಯ ಕೆಲಸಕ್ಕೂ ಅಷ್ಟೇ ದೂರ, ಆರೂವರೆ ನಿಮಿಷ. ಆಗಿನ ನಿಯಮದಲ್ಲಿ ಸಾಮಾನ್ಯ ಸೈನಿಕನ ಭರ್ತಿಗೆ ಹದಿನೇಳೂವರೆಯಿಂದ ಇಪ್ಪತ್ತೊಂದು ವರ್ಷ. ಅಂದರೆ ಒಬ್ಬ ಹುಡುಗನಿಗೆ ಸಿಗುವುದು ಮೂರೂವರೆ ವರ್ಷ. ಅದರಲ್ಲಿ ಎರಡನ್ನು ಕೊರೋನಾ ನುಂಗಿತು. ಮಹಾರಾಷ್ಟ್ರಕ್ಕೆ, ಗೋವಾಕ್ಕೆ ದುಡಿಯಲು ಹೋದವರು ತಿರುಗಿ ಬಂದಾಗ ಊರ ಸಾಲಿಯೇ ಕ್ವಾರಂಟೈನ್ ಕೇಂದ್ರವಾಯಿತು. ಹುಡುಗರ ಮೈದಾನವೂ ಹೋಯಿತು.

ಸಂಸತ್ತಿನಲ್ಲಿ ಸರ್ಕಾರವೇ ಕೊಟ್ಟ ಲೆಕ್ಕ ನೋಡಿ: 2019–20ರಲ್ಲಿ ಭೂಸೇನೆಗೆ ಭರ್ತಿಯಾದವರು 80,572. ಮುಂದಿನ ಎರಡು ವರ್ಷಗಳಲ್ಲಿ ಸೊನ್ನೆ, ಮತ್ತೆ ಸೊನ್ನೆ. ಕೆಲವು ಕಡೆ ರ‍್ಯಾಲಿಗಳು ನಡೆದವು, ಹುಡುಗರು ಓಡಿದರು, ತೇರ್ಗಡೆಯೂ ಆದರು. ಹೆಚ್ಚಿನ ಕಡೆ ಲಿಖಿತ ಪರೀಕ್ಷೆ ಆಗಲೇ ಇಲ್ಲ. 2022ರ ಜೂನ್‌ನಲ್ಲಿ ಅಗ್ನಿಪಥ ಬಂತು. ಆ ಒಂದು ವರ್ಷಕ್ಕೆ ಮಾತ್ರ ವಯಸ್ಸಿನ ಮಿತಿಯನ್ನು 23ಕ್ಕೆ ಏರಿಸಿದರು. ಕಳೆದುಹೋದದ್ದು ಹದಿನೈದು ವರ್ಷಕ್ಕೂ ಮೀರಿದ ಪಿಂಚಣಿಯ ನೌಕರಿ, ತಿರುಗಿ ಕೊಟ್ಟದ್ದು ನಾಲ್ಕು ವರ್ಷದ್ದು.

ಈಗ ಅದೇ 2020ರ ನವೆಂಬರ್ 29ಕ್ಕೆ ಬನ್ನಿ. ದೆಹಲಿ ಹಾಫ್ ಮ್ಯಾರಥಾನ್ ನಡೆಯಿತು. ಆರಿಸಿದ ಉನ್ನತ ದರ್ಜೆಯ ಓಟಗಾರರನ್ನು ಪರೀಕ್ಷೆ ಮಾಡಿ, ಹೊರಗಿನವರ ಸಂಪರ್ಕ ತಪ್ಪಿಸಿ, ದೆಹಲಿಯ ಬೀದಿಯಲ್ಲೇ ಓಡಿಸಿದರು; ನಮ್ಮಂಥ ಹವ್ಯಾಸಿಗಳು ಅವರವರ ಊರಲ್ಲಿ ಆ್ಯಪ್ ಹಾಕಿಕೊಂಡು ಓಡಿದರು. ಅಂದು ಅವಿನಾಶ್ ಸಾಬ್ಳೆ 21 ಕಿಲೋಮೀಟರನ್ನು ಒಂದು ಗಂಟೆ ಮೂವತ್ತು ಸೆಕೆಂಡಿನಲ್ಲಿ ಮುಗಿಸಿದ, ಅದು ಆಗ ಭಾರತದ ದಾಖಲೆ. ಸಾಬ್ಳೆ ಯಾರು? ನಮ್ಮಂತೆಯೇ ಬರಗಾಲದ ಜಿಲ್ಲೆ ಬೀಡ್‌ನ ರೈತರ ಮಗ. ಹನ್ನೆರಡನೆಯ ತರಗತಿ ಮುಗಿಸಿ ಸೇನೆಗೆ ಭರ್ತಿಯಾದವನು. ಸೇನೆಯಲ್ಲಿ ಅವನಿಗೆ ಓಟ ಸಿಕ್ಕಿತು, 2022ರಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ಬೆಳ್ಳಿ ಸಿಕ್ಕಿತು. ಅವನು ದಾಖಲೆ ಮಾಡಿದ ವರ್ಷ, ಅವನು ಒಳಗೆ ಬಂದ ಬಾಗಿಲಿಗೆ ಬೀಗ ಬಿದ್ದಿತ್ತು.

ದೆಹಲಿಯ ಓಟ ನಡೆಸಬಾರದಿತ್ತು ಎಂದು ನಾನು ಹೇಳುತ್ತಿಲ್ಲ. ಓಟವೇ ಕಸುಬಾದವರಿಗೆ ಒಂದು ವರ್ಷದ ಓಟವೆಂದರೆ ಒಂದು ವರ್ಷದ ಅನ್ನ. ಲಂಡನ್ನಿನಲ್ಲೂ ಆ ಅಕ್ಟೋಬರಿನಲ್ಲಿ ಹಾಗೆಯೇ ಅವರನ್ನಷ್ಟೇ ಓಡಿಸಿದರು. ಟೋಕಿಯೊದಲ್ಲಿ ಮಾರ್ಚ್ 1ರಂದೇ ಮೂವತ್ತೆಂಟು ಸಾವಿರದಷ್ಟು ಸಾಮಾನ್ಯ ಓಟಗಾರರನ್ನು ಬಿಟ್ಟು ಇನ್ನೂರರಷ್ಟು ಜನರಿಗೆ ಗೆರೆ ಎಳೆದಿದ್ದರು. ನನ್ನ ತಕರಾರು ಬೇರೆ. ಓಟಗಾರರನ್ನು ಪರೀಕ್ಷಿಸಿ, ಬೇರೆಯಾಗಿಟ್ಟು ಓಡಿಸುವ ವಿದ್ಯೆ ನಮಗೆ 2020ರ ನವೆಂಬರಿನಲ್ಲೇ ಗೊತ್ತಿದ್ದರೆ, ಟಿಕೋಟಾದ ಹುಡುಗರನ್ನು ದಿನಕ್ಕೆ ಇನ್ನೂರರಂತೆ ಬಯಲಿನಲ್ಲಿ ಓಡಿಸುವುದಕ್ಕೆ ಏನು ಅಡ್ಡಿಯಿತ್ತು? 1,600 ಮೀಟರ್ ಓಟಕ್ಕಿಂತ ಬಯಲಾದ ಪರೀಕ್ಷೆ ಇನ್ನಾವುದಿದೆ? ಜನ ಸೇರುತ್ತಾರೆ ಎಂಬ ಕಾರಣ ಮಾತ್ರ ಹೇಳಬೇಡಿ. ಅದೇ ಡಿಸೆಂಬರಿನಲ್ಲಿ ಎರಡು ಹಂತದಲ್ಲಿ ರಾಜ್ಯದ ಹಳ್ಳಿಹಳ್ಳಿಯಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಮಾಡಿದೆವು. 2021ರ ಅಕ್ಟೋಬರಿನಲ್ಲಿ ನಮ್ಮದೇ ಜಿಲ್ಲೆಯ ಸಿಂದಗಿಯ ಉಪಚುನಾವಣೆಗೆ ರಾಜ್ಯದ ನಾಯಕರೆಲ್ಲ ಬಂದು ಇಳಿದರು.

ಚುನಾವಣೆಯ ಮಾತನ್ನು ನಮ್ಮ ಗುಂಪಿನವರೂ ಎತ್ತುತ್ತಿದ್ದರು: ‘ಅವ್ರು ಸಭಾ ಮಾಡ್ಬಹುದು, ನಾವು ಓಡಬಾರ್ದಾ?’ ಕೇಳಲು ಚೆಂದ. ಆದರೆ ಈ ವಾದಕ್ಕೆ ಕಾಲಿಲ್ಲ. ನೆರೆಯವನು ಬಾವಿಗೆ ಕಸ ಹಾಕಿದನೆಂದು ನಾನೂ ಒಂದು ಬುಟ್ಟಿ ಹಾಕಿದರೆ ನೀರು ತಿಳಿಯಾಗುವುದಿಲ್ಲ. ಸಿಂದಗಿಯ ಸಭೆಗಳಿಂದ ಒಂದೇ ಒಂದು ಅರ್ಥ ಹೊರಡುತ್ತದೆ: ಬೇಕೆನಿಸಿದ್ದಕ್ಕೆ ದಾರಿ ಹುಡುಕುವ ಶಕ್ತಿ ಆಡಳಿತಕ್ಕೆ ಇತ್ತು. ಆ ಶಕ್ತಿಯನ್ನು ಯಾರಿಗಾಗಿ ಬಳಸಲಿಲ್ಲ ಎಂಬುದನ್ನು ಕೇಳಬೇಕು. ನನ್ನ ಹತ್ತು ಕಿಲೋಮೀಟರಿಗೆ ಪರವಾನಗಿ ಕೇಳಲು ಅದನ್ನು ನೆಪ ಮಾಡಿಕೊಳ್ಳಬಾರದು.

ಹಾಗಾಗಿ ನಾನು ಅಳೆಯುವ ಕೋಲನ್ನೇ ಬದಲಿಸಿದೆ. ಇದರಲ್ಲಿ ಅಪಾಯ ಎಷ್ಟು ಎಂಬುದನ್ನು ಮೊದಲು ಕೇಳುವುದಲ್ಲ. ಇದನ್ನು ಮುಂದಕ್ಕೆ ಹಾಕಿದರೆ ಕಳೆದುಹೋಗುವುದು ಏನು, ಕಳೆದುಕೊಳ್ಳುವವರು ಯಾರು ಎಂಬುದನ್ನು ಕೇಳುವುದು. ಗುಂಪು ಸೇರುವ ಅವಕಾಶವೇ ರೇಷನ್ ಆದಾಗ ಅದನ್ನು ಯಾರಿಗೆ ಎಷ್ಟು ಹಂಚಬೇಕೆಂಬ ಪ್ರಶ್ನೆ ಇದು. ನನ್ನಂಥ ಐವತ್ತು ದಾಟಿದವನ ಹತ್ತು ಕಿಲೋಮೀಟರ್ ಮುಂದೆ ಹೋದರೆ ಕಳೆಯುವುದು ಪ್ರವೇಶ ಶುಲ್ಕ, ಒಂದು ಹುರುಪು. ಅಂಥದ್ದು ಸಾಲಿನ ಕೊನೆಗೆ ನಿಲ್ಲಬೇಕು. ಜಾತ್ರೆಯ ಓಟ, ತೆರೆಬಂಡಿ, ಕುಸ್ತಿ ಇವೂ ಕಾಯಬಲ್ಲವು. ಸಂಕ್ರಮಣಕ್ಕೆ ಸಿದ್ಧೇಶ್ವರ ಜಾತ್ರೆಯ ಗದ್ದಲ ಕಡಿಮೆಯಾದರೆ ಸಿದ್ಧರಾಮನೇನೂ ಮುನಿಸಿಕೊಳ್ಳುವುದಿಲ್ಲ.

ಕಾಯಲಾರದ್ದು ಯಾವುದು ಎಂಬುದಕ್ಕೆ ವಿಜಯಪುರ ಇನ್ನೊಂದು ಉದಾಹರಣೆ ಕೊಟ್ಟಿತು. 2022ರ ಡಿಸೆಂಬರ್ ಕೊನೆಗೆ ಚೀನಾದಲ್ಲಿ ಹೊಸ ಅಲೆ ಎದ್ದು, ರಾಜ್ಯ ಸರ್ಕಾರ ಸಿನಿಮಾ ಮಂದಿರ, ಶಾಲೆಗಳಲ್ಲಿ ಮಾಸ್ಕ್ ಕಡ್ಡಾಯ ಮಾಡಿತ್ತು. ಜನವರಿ 2ರಂದು ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ಲಿಂಗೈಕ್ಯರಾದರು. ಟಿಕೋಟಾ ತಾಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿದವರು, ಜೇಬಿಲ್ಲದ ಅಂಗಿ ತೊಟ್ಟವರು. ಮರುದಿನ ಸೈನಿಕ ಶಾಲೆಯ ಬಯಲಿಗೆ ಲಕ್ಷಾಂತರ ಜನ ಬಂದರು. ಅದನ್ನು ಹುಂಬತನ ಎನ್ನಲು ನನಗೆ ಬಾಯಿ ಬರಲಿಲ್ಲ. ಲಸಿಕೆ ಬಹುಪಾಲು ಜನರಿಗೆ ಆಗಿತ್ತು, ಬಯಲಿತ್ತು, ಎಲ್ಲಕ್ಕಿಂತ ಹೆಚ್ಚಾಗಿ ಅಂತಿಮ ದರ್ಶನಕ್ಕೆ ಮುಂದಿನ ವರ್ಷ ಎಂಬುದಿಲ್ಲ. ಎರಡು ವರ್ಷ ಹಿಂದೆ ಹೆತ್ತವರ ಮುಖವನ್ನೂ ನೋಡಲಾಗದೆ ಮಣ್ಣು ಕೊಟ್ಟವರು ಆ ಗುಂಪಿನಲ್ಲಿ ಎಷ್ಟು ಜನ ಇದ್ದರೋ.

ಈ ಕೋಲಿನಿಂದ ಅಳೆದರೆ ಸ್ವಂತ ದೇಹದ ವಿಷಯವೂ ಸ್ಪಷ್ಟವಾಗುತ್ತದೆ. 2021ರ ಏಪ್ರಿಲಿನಲ್ಲಿ ನನಗೂ ಬಂತು. ಐದು ದಿನ ಜ್ವರ, ಮನೆಯಲ್ಲೇ ಇದ್ದು ಗುಣವಾಯಿತು. ಹತ್ತನೆಯ ದಿನಕ್ಕೆ ಬೂಟು ಕಟ್ಟಿದೆ. ಹೆಂಡತಿ ಬಾಗಿಲಿಗೆ ಅಡ್ಡ ನಿಂತು ‘ಓಟ ಎಲ್ಲಿ ಓಡಿ ಹೋಗ್ತದ್ರೀ’ ಎಂದಳು. ಅವಳು ಹೇಳಿದ್ದೇ ಸರಿಯಿತ್ತು. ಈ ಸೋಂಕು ಹೃದಯದ ಸ್ನಾಯುವಿನಲ್ಲಿ ಉರಿಯೂತ ಬಿಟ್ಟುಹೋಗಬಹುದು. ಲಕ್ಷಣವೆಲ್ಲ ಹೋಗಿ ಕನಿಷ್ಠ ಒಂದು ವಾರ ಕಳೆಯುವವರೆಗೆ ಸುಮ್ಮನಿರಿ, ಆಮೇಲೂ ಮೊದಲೆರಡು ವಾರ ಬರೀ ನಡಿಗೆಯಷ್ಟು ಎಂದು ವೈದ್ಯರು ಹೇಳಿದರು. ಹದಿನೆಂಟರಿಂದ ನಲವತ್ತೈದು ವರ್ಷದವರ ಹಠಾತ್ ಸಾವುಗಳನ್ನು ಅಭ್ಯಾಸ ಮಾಡಿದ ಐಸಿಎಂಆರ್ 2023ರಲ್ಲಿ ಹೇಳಿದ್ದೂ ಈ ಜಾಡಿನದೇ: ಕೋವಿಡ್‌ಗಾಗಿ ಆಸ್ಪತ್ರೆ ಸೇರಿದ್ದು, ಮನೆತನದಲ್ಲಿ ಅಂಥ ಸಾವಿನ ಚರಿತ್ರೆ, ಸಾಯುವ ಮೊದಲಿನ 48 ತಾಸಿನಲ್ಲಿ ವಿಪರೀತ ದೈಹಿಕ ಶ್ರಮ ಇವು ಅಪಾಯ ಹೆಚ್ಚಿಸಿದವು, ಲಸಿಕೆ ಅಪಾಯವನ್ನು ಹೆಚ್ಚಿಸಲಿಲ್ಲ. ಓಣಿಯ ಕಟ್ಟೆಯ ಮೇಲೆ ಈ ಕೊನೆಯ ವಾಕ್ಯವನ್ನು ನಂಬುವವರು ಈಗಲೂ ಕಡಿಮೆ. ಲಸಿಕೆಯನ್ನು ಬೈಯುವುದು, ಜ್ವರ ಬಿಟ್ಟ ವಾರಕ್ಕೇ ಓಡಲು ಹೋಗುವುದು ಎರಡೂ ಒಬ್ಬನೇ ಮನುಷ್ಯನಲ್ಲಿ ಇರುವುದನ್ನು ನಾನು ಕಂಡಿದ್ದೇನೆ.

ಬೆಂಗಳೂರಿನ ಆ ಓಟ ಕೊನೆಗೆ ಏನಾಯಿತೆಂದರೆ, ನವೆಂಬರಿನಿಂದಲೂ ಜಾರಿ, 2020ರ ಡಿಸೆಂಬರಿನಲ್ಲಿ ಆ್ಯಪಿನ ಓಟವಾಯಿತು. ಒಂದು ಮುಂಜಾನೆ ಫೋನನ್ನು ತೋಳಿಗೆ ಕಟ್ಟಿಕೊಂಡು ಕೋಟೆಯ ಗೋಡೆಯ ಗುಂಟ ಒಬ್ಬನೇ ಓಡಿದೆ. ದೂರ ಅಷ್ಟೇ, ಬೆವರು ಅಷ್ಟೇ. ಕೊನೆಯಲ್ಲಿ ಒಂದು ಹೆಣ್ಣುದನಿ ಇಂಗ್ಲಿಷಿನಲ್ಲಿ ಅಭಿನಂದಿಸಿತು, ಎಮ್ಮೆಯೊಂದು ತಲೆಯೆತ್ತಿ ನೋಡಿತು. ನನಗೆ ಬೇಕಾಗಿದ್ದದ್ದು ಓಟವಲ್ಲ, ಜಾತ್ರೆ ಎಂದು ಅಂದೇ ತಿಳಿದದ್ದು. ಅದರಲ್ಲಿ ತಪ್ಪೇನಿಲ್ಲ, ಮನುಷ್ಯನಿಗೆ ಜಾತ್ರೆ ಬೇಕು. ಆದರೆ ಅದನ್ನು ಆರೋಗ್ಯ ಎಂದು ಕರೆದು ಸಮರ್ಥಿಸಿಕೊಳ್ಳುವುದನ್ನು ಅಂದಿಗೆ ನಿಲ್ಲಿಸಿದೆ. ಬೀದಿಯ ಮೇಲಿನ ನಿಜವಾದ ಓಟ 2022ರ ಮೇ 15ಕ್ಕೆ ತಿರುಗಿ ಬಂತು. ಹೋಗಿ ಓಡಿದೆ. ಅಳಿಯ ಹೇಳಿದ ಹಾಗೆ, ಮುಂದಿನ ವರ್ಷ ಅಲ್ಲದಿದ್ದರೂ ಅದರ ಮುಂದಿನ ವರ್ಷ.

ಅಳಿಯ ಅಷ್ಟರಲ್ಲಿ ಪುಣೆಯಲ್ಲಿ ಕೆಲಸ ಹಿಡಿದಿದ್ದ. ಅಗ್ನಿಪಥಕ್ಕೆ ಅರ್ಜಿ ಹಾಕು ಎಂದೆವು. ನಾಲ್ಕು ವರ್ಷ ಬಿಟ್ಟು ಬಂದು ಮತ್ತೆ ಇಲ್ಲೇ ನಿಲ್ಲೂದ ಐತಿ, ಬ್ಯಾಡ ಎಂದ.

2023ರ ಡಿಸೆಂಬರ್ 24ರಂದು ವಿಜಯಪುರದಲ್ಲಿ ವೃಕ್ಷಥಾನ್ ಹೆರಿಟೇಜ್ ಓಟ ಇತ್ತು. ಕೋಟಿ ವೃಕ್ಷ ಅಭಿಯಾನದ ಹೆಸರಿನಲ್ಲಿ, ಗಿಡ ಕಡಿಮೆ ಇರುವ ನಮ್ಮ ಜಿಲ್ಲೆಯಲ್ಲಿ ಗಿಡಕ್ಕಾಗಿ ಓಡುವ ಓಟ. ಊರು ತುಂಬ ಜನ, ಡೊಳ್ಳು, ಮಕ್ಕಳು, ಸೀರೆಯುಟ್ಟೇ ಓಡುವ ತಾಯಂದಿರು. ರಜೆಗೆ ಬಂದಿದ್ದ ಅಳಿಯನನ್ನೂ ಎಳೆದುಕೊಂಡು ಹೋದೆ. ಅವನು ಮುಂದಿನ ಸಾಲಿನಲ್ಲಿ ನಿಂತ. ಸೀಟಿ ಆದದ್ದೇ ತಡ, ಗುಂಪಿನಿಂದ ಸಿಡಿದು ಹೋದ. ಚಳಿಯ ಬೆಳಗು, ನಾನು ನನ್ನ ಗತಿಯಲ್ಲಿ ಹೊರಟೆ. ಎರಡು ಕಿಲೋಮೀಟರ್ ಆಗುವುದರೊಳಗೆ ನೋಡುತ್ತೇನೆ, ರಸ್ತೆಯ ಬದಿಗೆ ಮೊಣಕಾಲ ಮೇಲೆ ಕೈಯೂರಿ ಬಾಗಿ ನಿಂತಿದ್ದಾನೆ. ಕಾಲು ಹಿಡಿಯಿತೇನೋ ಎಂದು ಗಾಬರಿಯಾಗಿ ಹತ್ತಿರ ಹೋದೆ. ಇಲ್ಲ ಎಂದು ತಲೆಯಾಡಿಸಿದ. ಕೈಯಲ್ಲಿದ್ದ ಮೊಬೈಲನ್ನು ನನ್ನ ಕಡೆ ತಿರುಗಿಸಿ ಉಸಿರು ಹಿಡಿದು ಹೇಳಿದ:

‘ಐದು ನಲವತ್ತು, ಮಾಮಾ.’